ಗಡಿ ದಾಟುವ ಹುಲಿಯನ್ನು ಎಣಿಸಿದ್ದು ಹೀಗೆ

ಹುಲಿ ಎಣಿಸುವ ಕೆಲಸ ಕಲಿತದ್ದು ನಾಗರಹೊಳೆಯಲ್ಲಿ. ಜಾಸ್ತಿ ಮಾಡಿದ್ದು ಮಾತ್ರ ಅಸ್ಸಾಮಿನ ಮಾನಸ್‌ನಲ್ಲಿ. ನಮ್ಮ ಬಂಡೀಪುರದ ಹಾಗೆ ಮಾನಸ್ ಕೂಡ 1973ರ ಮೊದಲ ಒಂಬತ್ತು ಹುಲಿ ಮೀಸಲುಗಳಲ್ಲಿ ಒಂದು. ಆದರೆ ಅದರ ಉತ್ತರಕ್ಕೆ ಭೂತಾನ್ ಇದೆ. ಮಥನಗುರಿಯ ಅರಣ್ಯ ಬಂಗಲೆ ಹತ್ತಿರ ನಿಂತರೆ ಎದುರಿಗೆ ಕಾಣುವ ಗುಡ್ಡ ಬೇರೆ ದೇಶ. ನಡುವೆ ಬೇಲಿ ಇಲ್ಲ. ಆಚೆಗಿರುವ ರಾಯಲ್ ಮಾನಸ್ ಉದ್ಯಾನವೇ ಸಾವಿರ ಚದರ ಕಿಲೋಮೀಟರಿಗಿಂತ ದೊಡ್ಡದು. ಕಾಡು ಒಂದೇ, ಇಲಾಖೆ ಎರಡು.

ಹುಲಿಯ ಪಟ್ಟೆ ನಮ್ಮ ಹೆಬ್ಬೆಟ್ಟಿನ ಗುರುತಿದ್ದ ಹಾಗೆ. ಎಡಮೈ ಪಟ್ಟೆಗೂ ಬಲಮೈ ಪಟ್ಟೆಗೂ ಹೋಲಿಕೆ ಇರುವುದಿಲ್ಲ. ಅದಕ್ಕೇ ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಮುಂದೆ ಹಾದರೆ ತಾನಾಗೇ ಫೋಟೋ ತೆಗೆಯುವ ಕ್ಯಾಮೆರಾ, ಕಟ್ಟುತ್ತೇವೆ. ಇಷ್ಟು ಎಲ್ಲ ಕಡೆಯೂ ಮಾಡುವುದೇ. ಮಾನಸ್‌ನ ತೊಡಕು ಬೇರೆ. ಇಂದು ನಮ್ಮ ಬದಿಯ ಬಾಂಸ್‌ಬಾರಿ ಕಡೆ ಸಿಕ್ಕ ಗಂಡು ಹುಲಿ ಮುಂದಿನ ವಾರ ಭೂತಾನಿನ ಕ್ಯಾಮೆರಾದಲ್ಲಿ ಕಾಣಿಸಿಕೊಳ್ಳಬಹುದು. ಅವರವರ ಪಾಡಿಗೆ ಎಣಿಸಿದರೆ ಒಂದು ಹುಲಿ ಎರಡಾಗುತ್ತದೆ. ಕಾಗದದ ಮೇಲೆ ಎಲ್ಲರಿಗೂ ಖುಷಿ, ಅಲ್ವಾ?

ಜಂಟಿಯಾಗಿ ಎಣಿಸಲು ಕೂತಾಗ ಮೊದಲು ಬಂದ ಪ್ರಶ್ನೆ ಗಡಿಯಾರದ್ದು. ಭೂತಾನಿನ ಸಮಯ ನಮ್ಮದಕ್ಕಿಂತ ಅರ್ಧ ಗಂಟೆ ಮುಂದೆ. ಅರ್ಧ ಗಂಟೆಗೇನು ಅಂತ ಅನ್ನಿಸಬಹುದು. ಹೊಳೆಯ ಎರಡೂ ದಡದಲ್ಲಿ ಒಂದೇ ಸಂಜೆ ಎರಡು ಫೋಟೋ ಬಿದ್ದರೆ, ಅದು ದಾಟಿ ಬಂದ ಒಂದೇ ಹುಲಿಯೋ ಎರಡು ಬೇರೆ ಹುಲಿಯೋ ಎಂದು ಯೋಚಿಸುವಾಗ ಆ ಅರ್ಧ ಗಂಟೆಗೆ ಬೆಲೆ ಇದೆ. ಕ್ಯಾಮೆರಾಗಳಲ್ಲಿ ಆಯಾ ದೇಶದ ಸಮಯವನ್ನೇ ಬಿಟ್ಟೆವು, ಪಟ್ಟಿಯಲ್ಲಿ ಮಾತ್ರ ಎಲ್ಲವನ್ನೂ ಭಾರತದ ಸಮಯಕ್ಕೆ ತಂದೆವು. ಇನ್ನೊಂದು ಉಪಾಯವೂ ಇದೆ. ಕ್ಯಾಮೆರಾ ಹಚ್ಚುವಾಗ ಮತ್ತು ಬಿಚ್ಚುವಾಗ ಜಿಪಿಎಸ್ ಪರದೆಯನ್ನು ಅದರ ಮುಂದೆ ಹಿಡಿದು ಒಂದು ಫೋಟೋ ತೆಗೆಸುವುದು. ಬ್ಯಾಟರಿ ಬದಲಿಸುವಾಗ ಕೆಲವು ಕ್ಯಾಮೆರಾಗಳ ತಾರೀಖು ಹಳೆಯ ವರ್ಷಕ್ಕೆ ಜಾರಿಬಿಡುತ್ತದೆ. ಈ ಫೋಟೋ ಇದ್ದರೆ ಆಮೇಲೆ ಸರಿಮಾಡಬಹುದು.

ಆಮೇಲೆ ಹೆಸರಿನ ವಿಷಯ. ಒಂದೇ ಹುಲಿಗೆ ನಮ್ಮಲ್ಲೊಂದು ನಂಬರು, ಅವರಲ್ಲೊಂದು ನಂಬರು. ಎರಡನ್ನೂ ಇಟ್ಟುಕೊಂಡು ಮೂರನೆಯದೊಂದು ಜಂಟಿ ನಂಬರು ಕೊಟ್ಟೆವು. ಯಾರ ನಂಬರನ್ನೂ ಅಳಿಸದೆ ಇದ್ದದ್ದರಿಂದ ಯಾರಿಗೂ ಬೇಜಾರಾಗಲಿಲ್ಲ. ಪಟ್ಟೆ ಹೋಲಿಸಲು ಸಾಫ್ಟ್‌ವೇರ್ ಇದೆ, ಆದರೆ ಅದು ತೋರಿಸಿದ್ದನ್ನು ಇಬ್ಬರು ಬೇರೆ ಬೇರೆ ಕೂತು ನೋಡಲೇಬೇಕು. ಇಬ್ಬರೂ ಒಪ್ಪದ ಫೋಟೋ ಎಣಿಕೆಗೆ ಇಲ್ಲ. ಹುಲಿ ಸಿಕ್ಕ ನಿಖರ ಜಾಗವನ್ನು ಇಮೇಲ್‌ನಲ್ಲಿ ಕಳಿಸುತ್ತಿರಲಿಲ್ಲ, ನಕ್ಷೆಯಲ್ಲಿ ಅದು ಬರುವ ಚೌಕದ ಸಂಖ್ಯೆ ಅಷ್ಟೇ. ಕಳ್ಳಬೇಟೆಯವರ ಕೈಗೆ ಅಂಥ ಪಟ್ಟಿ ಸಿಕ್ಕರೆ ಮುಗಿಯಿತು.

ಕಾಡಿನ ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಮ್ಮ ಕಡೆ ಆಳೆತ್ತರದ ಹುಲ್ಲು. ಕಟ್ಟಲು ಮರ ಸಿಗದ ಕಡೆ ಗೂಟ ನೆಡಬೇಕು. ಹುಲ್ಲಿಗೆ ಬೆಂಕಿ ಕೊಡುವ ದಿನ ಮೊದಲೇ ಗೊತ್ತಿರಬೇಕು, ಇಲ್ಲದಿದ್ದರೆ ಕ್ಯಾಮೆರಾ ಹೋದ ಹಾಗೇ. ಆನೆಗಳಿಗಂತೂ ಕ್ಯಾಮೆರಾ ಕಿತ್ತೆಸೆಯುವುದು ಆಟ. ಭೂತಾನ್ ಕಡೆ ಎಲ್ಲ ಕಡಿದಾದ ಗುಡ್ಡ, ಬ್ಯಾಟರಿ ಹೊತ್ತು ಏಣಿನ ಮೇಲೆ ನಡೆಯಬೇಕು. ಅಲ್ಲಿನ ರೇಂಜರನ್ನು ನಾನು ದಾಜು ಎನ್ನುತ್ತಿದ್ದೆ, ನೇಪಾಳಿಯಲ್ಲಿ ಅಣ್ಣ ಅಂತ. ಅವರಿಗೆ ಅಸ್ಸಾಮಿ ಬರದು, ನನಗೆ ಭೂತಾನಿನ ಜೊಂಖಾ ಭಾಷೆ ಬರದು. ಹಿಂದಿಯಲ್ಲೇ ನಡೆಯಿತು.

ಇಷ್ಟೆಲ್ಲ ಯಾಕೆ ಬೇಕಿತ್ತು ಅನ್ನುವವರು ಮಾನಸ್‌ನ ಹಳೆಯ ಕಥೆ ತಿಳಿಯಬೇಕು. 1985ರಲ್ಲಿ ವಿಶ್ವ ಪರಂಪರೆ ತಾಣವಾದ ಈ ಕಾಡು ಬೋಡೋ ಜನರ ಪ್ರತ್ಯೇಕ ರಾಜ್ಯದ ಹೋರಾಟದ ಗಲಾಟೆಯಲ್ಲಿ ಸಿಕ್ಕಿ ನಲುಗಿತು. 1992ರಲ್ಲಿ ಯುನೆಸ್ಕೋ ಇದನ್ನು ಅಪಾಯದ ಪಟ್ಟಿಗೆ ಸೇರಿಸಿತು. ಘೇಂಡಾಮೃಗಗಳು ಪೂರ್ತಿ ನಾಶವಾದವು. ಆಚೆ ಭೂತಾನಿನ ದಕ್ಷಿಣದ ಕಾಡುಗಳಲ್ಲೂ ಉಗ್ರರ ಶಿಬಿರಗಳಿದ್ದವು. 2003ರ ಡಿಸೆಂಬರಿನಲ್ಲಿ ಭೂತಾನ್ ಸೇನೆಯೇ ಅವರನ್ನು ಓಡಿಸಿತು. ಅದೇ ವರ್ಷ ಬೋಡೋ ಒಪ್ಪಂದವೂ ಆಯಿತು. 2008ರಿಂದ ಅಸ್ಸಾಮಿನದೇ ಪೊಬಿತೊರಾ ಅಭಯಾರಣ್ಯದ, ಆಮೇಲೆ ಕಾಜಿರಂಗದ ಘೇಂಡಾಮೃಗಗಳನ್ನು ತಂದು ಬಿಟ್ಟರು. 2011ರಲ್ಲಿ ಅಪಾಯದ ಪಟ್ಟಿಯಿಂದ ಹೆಸರು ತೆಗೆದರು. ಒಂದು ಕಡೆ ಮಾತ್ರ ಸರಿಯಾಗಿದ್ದರೆ ಇದು ಆಗುತ್ತಿರಲಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಚಿನ್ನದ ಬಣ್ಣದ ಮುಸುವವನ್ನೇ ನೋಡಿ. ಗೋಲ್ಡನ್ ಲಂಗೂರ್ ಅಂತಾರಲ್ಲ, ಅದು. ಅಸ್ಸಾಮಿನ ಪಶ್ಚಿಮ ತುದಿ ಮತ್ತು ಭೂತಾನ್ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ಇದನ್ನು ಒಂದೇ ದೇಶ ಕಾಪಾಡುವುದು ಹೇಗೆ?

ದೊಡ್ಡವರ ಸಹಿ ಬೇಡ ಅಂತಲ್ಲ. ಅನುಮತಿ ಇಲ್ಲದೆ ಒಂದು ಮೆಮೊರಿ ಕಾರ್ಡ್ ಕೂಡ ಗಡಿ ದಾಟದು. ಆದರೆ ಸಹಿಯಾದ ಮೇಲೆ ಕೆಲಸ ನಿಂತಿರುವುದು ಇಬ್ಬರೂ ಒಂದೇ ಥರ ತುಂಬುವ ಪಟ್ಟಿಯ ಮೇಲೆ.

ಕೊನೆಗೂ ಒಂದು ಪ್ರಶ್ನೆ ಬಂದೇ ಬಂತು: ಎರಡೂ ಕಡೆ ಓಡಾಡುವ ಹುಲಿ ಯಾರ ಲೆಕ್ಕಕ್ಕೆ? ತಲೆ ಎಣಿಕೆಯನ್ನೇ ಹಿಡಿದು ಕೂತರೆ ಜಗಳ ಗ್ಯಾರಂಟಿ. ನೂರು ಚದರ ಕಿಲೋಮೀಟರಿಗೆ ಎಷ್ಟು ಹುಲಿ ಅಂತ ಲೆಕ್ಕ ಹಾಕಿದರೆ ಹಂಚಿಕೊಳ್ಳುವ ಮಾತೇ ಬರುವುದಿಲ್ಲ. ಗಡಿ ದಾಟುವ ಹುಲಿಗಳಿಗೆ ಬೇರೆಯೇ ಒಂದು ಕಾಲಂ ಹಾಕಿ, ಮೇಲೆ 'ಎರಡೂ' ಎಂದು ಬರೆದೆವು. ವಯನಾಡು, ಮುದುಮಲೈ ಗಡಿಯಲ್ಲಿ ಕೆಲಸ ಮಾಡುವ ನಮ್ಮ ಹುಡುಗರಿಗೂ ಈ ಕಾಲಂ ಉಪಯೋಗಕ್ಕೆ ಬಂದೀತು. ಅಲ್ಲಿ ಅರ್ಧ ಗಂಟೆಯ ತಲೆನೋವೂ ಇಲ್ಲ.