ಟೋಕಿಯೋಗೆ ಹೊಸದಾಗಿ ಬಂದವರಿಗೆ: ಕಾಲುಚೀಲದಿಂದ ರೇಷ್ಮೆ ಸೀರೆಯವರೆಗೆ

ಹೊರಡುವ ಮುಂಚೆ ಫೋನ್ ಮಾಡುವವರೆಲ್ಲ ಕೇಳುವುದು ಒಂದೇ: ಸ್ವೆಟರ್ ಎಷ್ಟು ತರಬೇಕು? ಸ್ವೆಟರ್ ಇರಲಿ, ಮೊದಲು ಕಾಲುಚೀಲ ನೋಡಿಕೊಳ್ಳಿ. ಇಲ್ಲಿ ಮನೆ, ಶಾಲೆ, ಎಷ್ಟೋ ಕ್ಲಿನಿಕ್ಕುಗಳು, ಬಟ್ಟೆ ಅಂಗಡಿಯ ಟ್ರಯಲ್ ರೂಮು, ಎಲ್ಲ ಕಡೆ ಶೂ ಬಿಟ್ಟೇ ಒಳಗೆ ಹೋಗಬೇಕು. ಚಪ್ಪಲಿ ಹೊರಗೆ ಬಿಡುವುದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಬೇರೆಯವರ ಮನೆಯೊಳಗೆ ಬರಿಗಾಲಲ್ಲಿ ಓಡಾಡುವುದು ಇಲ್ಲಿ ಅಷ್ಟು ಚೆನ್ನಾಗಿ ಕಾಣಿಸುವುದಿಲ್ಲ. ಬೇಸಿಗೆಯಲ್ಲಿ ಸ್ಯಾಂಡಲ್ ಹಾಕಿಕೊಂಡು ಹೋದರೂ ಬ್ಯಾಗಿನಲ್ಲಿ ಒಂದು ಜೊತೆ ಕಾಲುಚೀಲ ಇರಲಿ.

ಬಾಗಿಲ ಒಳಗೆ ಒಂದು ಮೆಟ್ಟಿಲು ತಗ್ಗಿನಲ್ಲಿರುವ ಜಾಗವೇ ಗೆಂಕಾನ್. ಅಲ್ಲಿ ಬಿಟ್ಟ ಶೂವನ್ನು ಬಾಗಿಲ ಕಡೆಗೆ ಮುಖ ಮಾಡಿ ಜೋಡಿಸಿಡಿ. ಕೊಟ್ಟ ಸ್ಲಿಪ್ಪರ್ ಹಾಕಿಕೊಂಡು ಮರದ ನೆಲದ ಮೇಲೆ ನಡೆಯಬಹುದು; ತತಾಮಿ ಚಾಪೆಯ ಮೇಲೆ ಸ್ಲಿಪ್ಪರೂ ಕೂಡದು. ಟಾಯ್ಲೆಟ್ಟಿಗೆ ಬೇರೆಯದೇ ಸ್ಲಿಪ್ಪರ್ ಇರುತ್ತದೆ. ಅದರಲ್ಲೇ ಊಟದ ಮೇಜಿಗೆ ಬಂದು ಕೂತು ಮನೆಯವರನ್ನು ನಗಿಸುವ ಹೊಸಬರು ಪ್ರತಿವರ್ಷ ಸಿಗುತ್ತಾರೆ.

ಹೆಂಗಸರಿಗೆ ಒಂದು ಮಾತು. ಗೆಜ್ಜೆ, ಕೆತ್ತನೆ ಇರುವ ಕಾಲುಂಗುರ ಊರಲ್ಲೇ ಇರಲಿ. ಚಳಿಗಾಲದಲ್ಲಿ ದಿನವಿಡೀ ಕಾಲುಚೀಲ ಹಾಕಬೇಕು, ಉಂಗುರದ ಚೂಪು ಅಂಚಿಗೆ ಸಿಕ್ಕಿ ಸರಿಯಾಗಿ ಎರಡನೇ ಬೆರಳಿನ ಹತ್ತಿರವೇ ತೂತು ಬೀಳುತ್ತದೆ. ನಯವಾದ ಒಂದೆಳೆಯದು ಸಾಕು.

ಚಳಿ ಅಷ್ಟೇನೂ ಭಯಂಕರವಲ್ಲ. ಜನವರಿಯ ಸರಾಸರಿ 5 ಡಿಗ್ರಿಯ ಆಸುಪಾಸು. ಕಷ್ಟ ಇರುವುದು ಮನೆಯೊಳಗೆ: ಹೆಚ್ಚಿನ ಬಾಡಿಗೆ ಮನೆಗಳಲ್ಲಿ ಇಡೀ ಮನೆ ಬೆಚ್ಚಗಿಡುವ ವ್ಯವಸ್ಥೆ ಇಲ್ಲ, ಹಾಲ್‌ನಲ್ಲಿ ಎಸಿ ಬಿಸಿಗಾಳಿ ಊದಿದರೆ ಬಚ್ಚಲಲ್ಲಿ ಹಲ್ಲು ಕಟಕಟ. ರೈಲಿನಲ್ಲೋ ಬೆವರು. ಹಾಗಾಗಿ ಒಂದು ದಪ್ಪ ಜಾಕೆಟ್ಟಿಗಿಂತ ಒಂದರ ಮೇಲೊಂದು ಹಾಕಿ ತೆಗೆಯುವ ತೆಳು ಬಟ್ಟೆಗಳೇ ಮೇಲು. ಯೂನಿಕ್ಲೋ ಎಂಬ ಬಟ್ಟೆ ಅಂಗಡಿಯ, ಮೈ ಬೆಚ್ಚಗಿಡುವ ಹೀಟ್‌ಟೆಕ್ ಒಳಬಟ್ಟೆ ಇಲ್ಲೇ ಕೊಳ್ಳಿ. ನಮ್ಮ ಅಳತೆಗಿಂತ ಇಲ್ಲಿಯದು ಚಿಕ್ಕದು, ಅಲ್ಲಿ ಎಂ ಹಾಕುವವರು ಎಲ್ ಹಾಕಿ ನೋಡಿ. ಮಕ್ಕಳ ಬಟ್ಟೆಯ ಮೇಲೆ ವಯಸ್ಸು ಬರೆದಿರುವುದಿಲ್ಲ, ಎತ್ತರ ಬರೆದಿರುತ್ತದೆ, 110, 120 ಸೆಂಟಿಮೀಟರ್ ಅಂತ. ಶೂ ಕೂಡ ಪಾದದ ಉದ್ದದ ಲೆಕ್ಕವೇ.

ಕೋಟನ್ನು ಅಡುಗೆಮನೆಯಿಂದ ದೂರ ನೇತುಹಾಕಿ. ಇಲ್ಲಿನ ಮನೆಗಳು ಚಿಕ್ಕವು. ಬೆಳಿಗ್ಗೆ ಹಾಕಿದ ಇಂಗು, ಬೆಳ್ಳುಳ್ಳಿ ಒಗ್ಗರಣೆ ಉಣ್ಣೆಗೆ ಹತ್ತಿಕೊಂಡರೆ ತುಂಬಿದ ರೈಲಿನಲ್ಲಿ ನಿಮ್ಮ ಜೊತೆಗೇ ಬರುತ್ತದೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದೇ ತೊಂದರೆ.

ಮಕ್ಕಳನ್ನು ಜಪಾನಿ ಸರ್ಕಾರಿ ಶಾಲೆಗೆ ಸೇರಿಸುವವರು ಶಾಲೆಯ ಪಟ್ಟಿಯನ್ನು ಅಕ್ಷರಶಃ ಪಾಲಿಸಿ. ಒಳಗೆ ಹಾಕುವ ಶೂ, ಅಂದರೆ ಉವಾಬಾಕಿ, ಬೇರೆ. ವಾರದ ಕೊನೆಗೆ ಅದನ್ನು ಮನೆಗೆ ತಂದು ತೊಳೆಯಬೇಕು. ಆಟದ ಟೋಪಿಗೆ ಒಂದು ಕಡೆ ಕೆಂಪು, ಮಗುಚಿದರೆ ಬಿಳಿ. ಕಾಲುಚೀಲದಿಂದ ಟೋಪಿಯವರೆಗೆ ಪ್ರತಿಯೊಂದರ ಮೇಲೂ ಹೆಸರು ಬೇಕು. ಒಗೆದರೂ ಹೋಗದ ಪೆನ್ನು ನೂರು ಯೆನ್ ಅಂಗಡಿಯಲ್ಲಿ ಸಿಗುತ್ತದೆ. ಓಲೆ, ಬಳೆಗೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಹೆಣ್ಣುಮಗುವಿಗೆ ಹೊಸದಾಗಿ ಕಿವಿ ಚುಚ್ಚಿಸಿದ್ದರೆ ಕ್ಲಾಸ್ ಟೀಚರಿಗೆ ಮೊದಲೇ ತಿಳಿಸಿ. ಸಮವಸ್ತ್ರ ಇರುವ ಶಾಲೆಗಳಲ್ಲಿ ಜೂನ್ 1ಕ್ಕೆ ಬೇಸಿಗೆಯದು, ಅಕ್ಟೋಬರ್ 1ಕ್ಕೆ ಚಳಿಗಾಲದ್ದು ಅನ್ನುವುದು ಹಳೆಯ ಪದ್ಧತಿ. ಈಗ ಸೆಕೆ ನೋಡಿಕೊಂಡು ಸಡಿಲ ಬಿಡುವವರೂ ಇದ್ದಾರೆ.

ಆಫೀಸಿನ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. 2005ರಲ್ಲಿ ಸರ್ಕಾರ ಕೂಲ್ ಬಿಜ್ ಎಂಬ ಹಗುರ ಉಡುಪಿನ ಅಭಿಯಾನ ಶುರುಮಾಡಿದ ಮೇಲೆ ಬೇಸಿಗೆಯಲ್ಲಿ ಟೈ, ಕೋಟು ಇಲ್ಲದಿದ್ದರೂ ನಡೆಯುತ್ತದೆ. ಸೈಕಲ್ ಹತ್ತುವವರು ದುಪಟ್ಟಾ ಬಿಗಿಯಾಗಿ ಕಟ್ಟಿಕೊಳ್ಳಿ, ರೇನ್‌ಕೋಟ್ ಕೊಳ್ಳಿ. ಕೊಡೆ ಹಿಡಿದು ಸೈಕಲ್ ಓಡಿಸುವಂತಿಲ್ಲ.

ಸಾವಿನ ಮನೆಗೆ ಹೋಗಬೇಕಾದಾಗ ನಮ್ಮವರು ತಡಬಡಿಸುತ್ತಾರೆ. ನಾವು ಬಿಳಿ ಉಡುತ್ತೇವೆ, ಇಲ್ಲಿ ಅಪ್ಪಟ ಕಪ್ಪು: ಸೂಟು, ಟೈ, ಕಾಲುಚೀಲ ಎಲ್ಲ. ಹೊಳೆಯುವ ಬಕಲ್, ಚಿನ್ನ ಬೇಡ. ಮುತ್ತಿನ ಸರ ಒಂದೆಳೆಯದಾದರೆ ಆಗಬಹುದು, ಎರಡೆಳೆಯದು ಹಾಕಿದರೆ ದುಃಖ ಮರುಕಳಿಸುತ್ತದೆಂಬ ನಂಬಿಕೆ. ಮದುವೆಗೆ ಬಿಳಿ ಬಟ್ಟೆ ವಧುವಿಗೆ ಬಿಟ್ಟದ್ದು. ಅಲ್ಲಿಗೆ ಧಾರಾಳವಾಗಿ ಸೀರೆ ಉಟ್ಟು ಹೋಗಿ, ಕರೆದವರಿಗೂ ಖುಷಿ.

ಬೇಸಿಗೆಯ ಪಟಾಕಿ ಉತ್ಸವಕ್ಕೆ ಯುಕಾತಾ, ಅಂದರೆ ತೆಳುವಾದ ಬೇಸಿಗೆ ಕಿಮೋನೊ, ಉಟ್ಟರೆ ಯಾರೂ ತಪ್ಪು ತಿಳಿಯುವುದಿಲ್ಲ. ಎಡಗಡೆಯ ಅಂಚು ಮೇಲೆ ಬರಬೇಕು, ನೆನಪಿರಲಿ. ಗಂಡಸರಿಗೂ ಹೆಂಗಸರಿಗೂ ಅದೇ ಕ್ರಮ. ಬಲದ್ದು ಮೇಲೆ ಬಂದರೆ ಅದು ಹೆಣಕ್ಕೆ ಉಡಿಸುವ ರೀತಿ.

ಮೈಸೂರು ರೇಷ್ಮೆ ಎರಡಾದರೂ ತನ್ನಿ, ರಾಜ್ಯೋತ್ಸವಕ್ಕೆ ಬೇಕೇ ಬೇಕು. ಜಮ್‌ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ಫಾರಂ ಮಾಡಿದಾಗ ಜಪಾನಿ ತಜ್ಞರನ್ನೇ ಕರೆಸಿದ್ದರು. ಅಕ್ಕಪಕ್ಕದ ಅಜ್ಜಿಯರಿಗೆ ಇದನ್ನು ಹೇಳಿದರೆ ಸೆರಗು ಮುಟ್ಟಿ ನೋಡದೆ ಬಿಡುವುದಿಲ್ಲ. ಜೂನ್‌ನಿಂದ ಜುಲೈ ನಡುವಿನವರೆಗಿನ ಮಳೆಗಾಲದಲ್ಲಿ ಬೀರುವಿನೊಳಗೆ ಬೂಷ್ಟು ಹಿಡಿಯುತ್ತದೆ. ತೇವ ಹೀರುವ ಡಬ್ಬಿಗಳು ಔಷಧಿ ಅಂಗಡಿಯಲ್ಲಿ ಸಿಗುತ್ತವೆ; ಅದರಲ್ಲಿ ತುಂಬುವ ನೀರು ಸೀರೆಗೆ ಚೆಲ್ಲದಂತೆ ಕೆಳಮೂಲೆಯಲ್ಲಿಡಿ. ಊರಿನ ಡಾಂಬರು ಗುಳಿಗೆ ಇಟ್ಟ ಪೆಟ್ಟಿಗೆಗೆ ಇಲ್ಲಿ ಕೊಂಡ ಬೇರೆ ಜಾತಿಯ ಗುಳಿಗೆ ಸೇರಿಸಬೇಡಿ. ಎರಡೂ ಸೇರಿದರೆ ಕರಗಿ ಬಟ್ಟೆಗೆ ಕಲೆ ಕೂರುತ್ತದೆ.