ದಾವಣಗೆರೆಗೆ ಓದಲು ಬಂದವರು ಆರೋಗ್ಯ ಕಾಪಾಡಿಕೊಳ್ಳುವ ಬಗೆ

ಜಗಳೂರು, ಹರಪನಹಳ್ಳಿ, ಹೊಸದುರ್ಗ, ಚಳ್ಳಕೆರೆಯ ಕಡೆಯಿಂದ ದಾವಣಗೆರೆಗೆ ಓದಲು ಬರುವ ಮಕ್ಕಳಿಗೆ ಮನೆಯವರು ಹಾಸಿಗೆ, ಬಕೆಟ್, ಶೇಂಗಾ ಚಟ್ನಿಪುಡಿ, ಒಣ ರೊಟ್ಟಿ ಎಲ್ಲವನ್ನೂ ಕಟ್ಟಿ ಕಳುಹಿಸುತ್ತಾರೆ. ಆದರೆ ರೂಮಿನಲ್ಲಿ ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂದು ವಿಚಾರಿಸುವವರು ಕಡಿಮೆ. ನಾಲ್ಕು ವರ್ಷ ಹಾಸ್ಟೆಲಿನಲ್ಲಿದ್ದು ನೋಡಿದ ಮೇಲೆ ನನಗೆ ಅನ್ನಿಸುವುದು, ಮೊದಲ ಸೆಮಿಸ್ಟರಿನಲ್ಲಿ ಹುಡುಗರು ಕಾಯಿಲೆ ಬಿದ್ದು ಮಲಗುವುದಕ್ಕೆ ಊಟಕ್ಕಿಂತ ನೀರೇ ಹೆಚ್ಚು ಕಾರಣ.

ಆದ್ದರಿಂದ ಹೋದ ದಿನವೇ ವಾರ್ಡನ್ ಅಥವಾ ಪಿ.ಜಿ. ಮಾಲೀಕರನ್ನು ಕೇಳಿ, ನಲ್ಲಿಯಲ್ಲಿ ಬರುವುದು ನಗರಪಾಲಿಕೆಯ ನೀರೋ ಬೋರ್‌ವೆಲ್ ನೀರೋ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಪಾಲಿಕೆಯ ನೀರಾದರೂ ಟ್ಯಾಂಕ್ ತೊಳೆದು ಎಷ್ಟು ತಿಂಗಳಾಯಿತೋ ನಮಗೆ ತಿಳಿಯದ ಕಾರಣ, ಅದನ್ನು ಕನಿಷ್ಠ ಒಂದು ನಿಮಿಷ ಕೊತಕೊತ ಕುದಿಸಿ ಆರಿಸಿ ಕುಡಿಯುವುದು ಒಳ್ಳೆಯದು. ಬೋರ್‌ವೆಲ್ ನೀರಿನ ಮಾತು ಬೇರೆ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿ ಮೀರಿರುತ್ತದೆ, ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆಗೆ ತೊಂದರೆ. ಕುದಿಸಿದರೆ ರೋಗಾಣು ಸಾಯುತ್ತದೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಬೋರ್‌ವೆಲ್ ನೀರು ಬರುವ ರೂಮಿನಲ್ಲಿರುವವರು ನಾಣ್ಯ ಹಾಕಿ ನೀರು ಹಿಡಿಯುವ ಶುದ್ಧ ಕುಡಿಯುವ ನೀರಿನ ಘಟಕದಿಂದಲೇ ತರಬೇಕು.

ತಂದ ನೀರನ್ನು ಕೆಡಿಸುವವರೂ ನಾವೇ. ನಮ್ಮ ರೂಮಿನ ಇಪ್ಪತ್ತು ಲೀಟರಿನ ಕ್ಯಾನಿನೊಳಗೆ ಒಮ್ಮೆ ಕೈ ಹಾಕಿದಾಗ ಬೆರಳು ಜಾರಿತು. ಹೊರಗಿನಿಂದ ಫಳಫಳ ಹೊಳೆಯುತ್ತಿದ್ದ ಅದರ ಒಳಗೋಡೆಗೆ ತೆಳ್ಳನೆಯ ಲೋಳೆ ಅಂಟಿಕೊಂಡಿತ್ತು. ವಾರಕ್ಕೊಮ್ಮೆ ಸೋಪು ಹಾಕಿ, ಉದ್ದ ಹಿಡಿಯ ಬ್ರಷ್‌ನಿಂದ ಉಜ್ಜಿ ಬಿಸಿಲಿಗೆ ಕವುಚಿಟ್ಟರೆ ಈ ಲೋಳೆ ಕಟ್ಟುವುದಿಲ್ಲ. ಸ್ನಾನದ ನೀರಿನ ಡ್ರಮ್ಮನ್ನೂ ಮರೆಯಬಾರದು. ಎರಡನೆಯ ವರ್ಷ ನಮ್ಮ ಮುಚ್ಚಳವಿಲ್ಲದ ನೀಲಿ ಡ್ರಮ್ಮಿನಲ್ಲಿ ಹುಳುಗಳು ಮೇಲೆ ಕೆಳಗೆ ಕುಣಿಯುತ್ತಿದ್ದುದನ್ನು ಕಂಡೂ ನಾಳೆ ತೊಳೆದರಾಯಿತು ಎಂದು ಬಿಟ್ಟೆವು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂಥ ನಿಂತ, ತಿಳಿ ನೀರಿನಲ್ಲೇ. ಏಳರಿಂದ ಹತ್ತು ದಿನಗಳೊಳಗೆ ಮೊಟ್ಟೆ ಹುಳುವಾಗಿ, ಸೊಳ್ಳೆಯಾಗಿ, ರೆಕ್ಕೆ ಬಂದು ಹಾರುತ್ತದೆ, ಕಚ್ಚುವುದೂ ಹಗಲಿನಲ್ಲಿ. ವಾರಕ್ಕೊಮ್ಮೆ ಡ್ರಮ್ ಖಾಲಿ ಮಾಡಿ, ಒಳಗೋಡೆ ಉಜ್ಜಿ, ಮುಚ್ಚಿಟ್ಟಿದ್ದರೆ ಆ ತಿಂಗಳು ರೂಮಿನ ಇಬ್ಬರು ಡೆಂಗಿ ಬಂದು ರಕ್ತದ ಪ್ಲೇಟ್‌ಲೆಟ್ ಎಣಿಸಿಕೊಂಡು ಕೂರಬೇಕಾಗುತ್ತಿರಲಿಲ್ಲ.

ಜ್ವರ ಬಂದಾಗ ಮೆಡಿಕಲ್ ಶಾಪಿನಲ್ಲಿ ಹೇಳಿ ಮಾತ್ರೆ ತರುವ ರೂಢಿ ಅಪಾಯಕಾರಿ. ಡೆಂಗಿಯ ಅನುಮಾನವಿದ್ದರೆ ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬಾರದು, ಅವು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ; ಪ್ಯಾರಾಸಿಟಮಾಲ್ ಆಗಬಹುದು. ಎರಡು ದಿನಕ್ಕೂ ಇಳಿಯದ ಜ್ವರಕ್ಕೆ ವೈದ್ಯರನ್ನು ಕಂಡು ರಕ್ತ ಪರೀಕ್ಷೆ ಮಾಡಿಸಬೇಕು. ಜ್ವರ ಬಿಟ್ಟ ಮೇಲೂ ತೀವ್ರ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಭೇದಿಯಾದಾಗ ಮೊದಲು ಬೇಕಾದದ್ದು ಓ.ಆರ್.ಎಸ್., ಅಂದರೆ ದೇಹ ಕಳೆದುಕೊಂಡ ನೀರು, ಲವಣವನ್ನು ತುಂಬಲು ನೀರಿಗೆ ಬೆರೆಸಿ ಕುಡಿಯುವ ಪುಡಿ. ಅದರ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ ಗುಟುಕು ಗುಟುಕಾಗಿ ಕುಡಿಯಬೇಕು.

ಇನ್ನು ಊಟ. ಬೆಣ್ಣೆ ದೋಸೆಯ ಊರಿಗೆ ಬಂದು ದೋಸೆ ತಿನ್ನಬೇಡಿ ಎಂದು ಹೇಳುವಷ್ಟು ಕಠಿಣ ಮನಸ್ಸು ನನಗಿಲ್ಲ. ವಾರಕ್ಕೊಮ್ಮೆ, ಹಸಿದ ಹೊಟ್ಟೆಗೆ, ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿಯ ಜೊತೆ ತಿಂದರೆ ಯಾರಿಗೂ ಏನೂ ಆಗದು. ತೊಂದರೆ ಇರುವುದು ಬೆಳಗಿನ ತಿಂಡಿ ಬಿಟ್ಟು ಹೋಗಿ, ಸಂಜೆ ಐದಕ್ಕೆ ಮಂಡಕ್ಕಿ ಮೆಣಸಿನಕಾಯಿಯನ್ನೇ ಊಟವಾಗಿಸಿಕೊಳ್ಳುವುದರಲ್ಲಿ. ಮಂಡಕ್ಕಿ ಹೊಟ್ಟೆ ತುಂಬಿಸಿದಂತೆ ಕಂಡರೂ ಅದು ಅಕ್ಕಿಯೇ, ಜೊತೆಗಿರುವ ಬಜ್ಜಿಯ ಎಣ್ಣೆ ಎಷ್ಟನೆಯ ಬಾರಿ ಕಾದದ್ದೋ. ಅದೇ ಮಂಡಕ್ಕಿಗೆ ಒಂದು ಹಿಡಿ ಹುರಿದ ಶೇಂಗಾ, ಹೆಚ್ಚಿದ ಈರುಳ್ಳಿ, ಟೊಮೆಟೊ, ನಿಂಬೆರಸ ಸೇರಿಸಿದರೆ ಏಳೆಂಟು ಗ್ರಾಂ ಪ್ರೋಟೀನ್ ಸಿಗುತ್ತದೆ. ಒಂದು ಮೊಟ್ಟೆಯಲ್ಲಿರುವುದು ಸುಮಾರು ಆರು. ಮೆಸ್ಸಿನ ಸಾರು ನೀರಾಗಿದ್ದ ದಿನ ಮನೆಯಿಂದ ತಂದ ಚಟ್ನಿಪುಡಿ, ಮೊಸರು ಕೈ ಹಿಡಿಯುತ್ತವೆ. ಮುಟ್ಟಿನಲ್ಲಿ ಹೆಚ್ಚು ಸ್ರಾವವಾಗುವ ಹುಡುಗಿಯರು ಒಮ್ಮೆ ಹಿಮೋಗ್ಲೋಬಿನ್ ನೋಡಿಸಿಕೊಂಡು, ಊಟದ ಬೆನ್ನಿಗೇ ಟೀ ಕುಡಿಯುವುದನ್ನು ಬಿಡಲಿ. ಟೀ ಕಬ್ಬಿಣಾಂಶ ಹೀರಿಕೊಳ್ಳುವುದನ್ನು ತಡೆಯುತ್ತದೆ, ನಿಂಬೆರಸ ಅದಕ್ಕೆ ನೆರವಾಗುತ್ತದೆ.

ನಿದ್ದೆ ಕನಿಷ್ಠ ಏಳು ಗಂಟೆ ಬೇಕು. ರಾತ್ರಿ ಮೊಬೈಲನ್ನು ಕೈಗೆಟುಕದ ಕಪಾಟಿನಲ್ಲಿ ಚಾರ್ಜಿಗೆ ಇಟ್ಟರೆ ಅರ್ಧ ಕೆಲಸ ಮುಗಿಯಿತು. ಏಪ್ರಿಲ್ ಬಿಸಿಲಿನಲ್ಲಿ ಆಟ, ಓಟವನ್ನು ಬೆಳಗ್ಗೆಗೆ ತಂದುಕೊಂಡು ಕುಂದುವಾಡ ಕೆರೆಯ ಏರಿಯ ಮೇಲೆ ನಡೆಯಬಹುದು.

ಎರಡು ವಾರ ಕಳೆದರೂ ಊಟ ಸೇರದೆ, ತರಗತಿಗೆ ಹೋಗಲು ಮನಸ್ಸಾಗದೆ ಇದ್ದರೆ ಅದನ್ನು ಊರಿನ ನೆನಪು ಎಂದು ತಳ್ಳಿಹಾಕದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕು, ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಈ ಸಂಖ್ಯೆ, ಆಂಬುಲೆನ್ಸಿನ 108, ನಿಮ್ಮ ರಕ್ತದ ಗುಂಪು, ಯಾವ ಔಷಧಿ ಒಗ್ಗುವುದಿಲ್ಲ ಎಂಬುದು, ಮನೆಯವರ ನಂಬರು ಇಷ್ಟನ್ನು ಒಂದು ಹಾಳೆಯಲ್ಲಿ ದಪ್ಪಗೆ ಬರೆದು ಬಾಗಿಲ ಹಿಂದೆ ಅಂಟಿಸಿಡಿ. ಜ್ವರದಲ್ಲಿ ಎಚ್ಚರವಿಲ್ಲದೆ ಮಲಗಿದವರ ಫೋನಿನ ಲಾಕ್ ತೆಗೆಯಲು ರೂಮ್‌ಮೇಟ್‌ಗೆ ಬರುವುದಿಲ್ಲ.