ಕೈಗವಸು ತೊಟ್ಟು ಅಳೆದ ನಿಮಿಷಗಳು

ಅಣು ರಿಯಾಕ್ಟರ್ ಓಡುತ್ತಿರುವಾಗ ಅದರ ಮುಖದ ಹತ್ತಿರ ಯಾರೂ ಸುಳಿಯುವುದಿಲ್ಲ. ನಿಲ್ಲಿಸಿ ದುರಸ್ತಿಗೆ ಕೈ ಹಾಕಿದ ದಿನದಿಂದ ನೂರಾರು ಜನ ಅಲ್ಲಿಗೆ ಹೋಗಿಬರುತ್ತಾರೆ. ಹೊರಗಿನವರು ನಿಂತ ರಿಯಾಕ್ಟರನ್ನು ಆರಿದ ಒಲೆ ಎಂದುಕೊಳ್ಳುತ್ತಾರೆ. ವಿಕಿರಣ ಸುರಕ್ಷತೆಯ ವಿಭಾಗದವನಾದ ನನಗೆ ನಿದ್ದೆ ಕಡಿಮೆಯಾಗುತ್ತಿದ್ದದ್ದು ಆಗಲೇ.

ನಾನು ಉತ್ತರ ಕನ್ನಡದವನು. 1989ರಲ್ಲಿ ಶಿವರಾಮ ಕಾರಂತರು ಕೈಗಾ ವಿರೋಧವನ್ನೇ ಮುಂದಿಟ್ಟು ಲೋಕಸಭೆಗೆ ನಿಂತು ಸೋತಾಗ ಕಾರವಾರದಲ್ಲಿ ಪದವಿ ಓದುತ್ತಿದ್ದೆ. ಅವರ ಸಭೆಯೊಂದರಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿದ್ದೂ ಉಂಟು. ನಾಲ್ಕು ವರ್ಷ ಕಳೆಯುವುದರೊಳಗೆ ಅಣುವಿದ್ಯುತ್ತಿನ ಕೆಲಸಕ್ಕೇ ಸೇರಿದೆ. ಈ ವಿಷಯದಲ್ಲಿ ನನ್ನನ್ನು ಛೇಡಿಸುವುದನ್ನು ನಮ್ಮ ಭಾವ ಇವತ್ತಿಗೂ ಬಿಟ್ಟಿಲ್ಲ. ಇಲ್ಲಿ ಹೇಳುತ್ತಿರುವ ಕೆಲಸ ನಡೆದದ್ದು ಕರ್ನಾಟಕದ ಹೊರಗಿನ, 220 ಮೆಗಾವಾಟಿನ ಒಂದು ಭಾರಜಲ ಘಟಕದಲ್ಲಿ. ಭಾರಜಲ ಎಂದರೆ ಭಾರದ ಹೈಡ್ರೋಜನ್, ಅಂದರೆ ಡ್ಯೂಟೀರಿಯಂ ಇರುವ ನೀರು. ಜೊತೆಗಿದ್ದವರಲ್ಲಿ ಹಲವರು ಇನ್ನೂ ಸೇವೆಯಲ್ಲಿದ್ದಾರೆ, ಹಾಗಾಗಿ ಊರಿನ ಹೆಸರು ಬೇಡ.

ದುರಸ್ತಿ ಏಕೆ ಬೇಕಾಯಿತು ಎಂದು ಮೊದಲು ಹೇಳಿಬಿಡುತ್ತೇನೆ. ಈ ಬಗೆಯ ರಿಯಾಕ್ಟರಿನಲ್ಲಿ ಇಂಧನ ಒಂದೇ ದೊಡ್ಡ ಪಾತ್ರೆಯಲ್ಲಿ ಇರುವುದಿಲ್ಲ. ಅಡ್ಡಲಾಗಿ ಮಲಗಿಸಿದ 306 ಕೊಳವೆಗಳ ಒಳಗೆ ಇರುತ್ತದೆ. ಒಂದೊಂದು ಕೊಳವೆ ಸುಮಾರು ಐದು ಮೀಟರ್ ಉದ್ದ. ಗೋಡೆಯ ದಪ್ಪ ಸುಮಾರು ನಾಲ್ಕು ಮಿಲಿಮೀಟರ್. ನಾವು ಅದನ್ನು ಪ್ರೆಷರ್ ಟ್ಯೂಬ್ ಎನ್ನುತ್ತೇವೆ. ಅದರ ಸುತ್ತ ಇನ್ನೊಂದು ಕೊಳವೆ ಇದೆ. ಎರಡೂ ಒಂದಕ್ಕೊಂದು ತಾಗದಂತೆ ನಡುವೆ ಬಳೆಯಂತಹ ಗಾರ್ಟರ್ ಸ್ಪ್ರಿಂಗ್‌ಗಳು. ವರ್ಷಗಳು ಕಳೆದಂತೆ ಒಳಗಿನ ಕೊಳವೆ ಬಿಸಿಗೆ, ಭಾರಕ್ಕೆ, ನ್ಯೂಟ್ರಾನುಗಳ ಹೊಡೆತಕ್ಕೆ ಜೋತುಬೀಳುತ್ತದೆ. ಭಾರಜಲದಿಂದ ಡ್ಯೂಟೀರಿಯಂ ಹೀರಿಕೊಂಡು ಪೆಡಸಾಗುತ್ತದೆ. ಸ್ಪ್ರಿಂಗ್ ಜರುಗಿದ್ದರೆ ಬಿಸಿ ಕೊಳವೆ ತಣ್ಣನೆಯ ಕೊಳವೆಗೆ ತಾಗುತ್ತದೆ; ತಾಗಿದ ಕಡೆ ಹೈಡ್ರೈಡಿನ (ಲೋಹ, ಡ್ಯೂಟೀರಿಯಂ ಸೇರಿ ಆದ ಪೆಡಸು ವಸ್ತುವಿನ) ಬೊಕ್ಕೆ ಏಳುತ್ತದೆ. ಕೆನಡಾದ ಪಿಕರಿಂಗ್ ಸ್ಥಾವರದ ಎರಡನೆಯ ಘಟಕದಲ್ಲಿ 1983ರ ಆಗಸ್ಟ್ 1ರಂದು ಹೀಗೆಯೇ ಒಂದು ಕೊಳವೆ ಉದ್ದಕ್ಕೆ ಸೀಳಿತು. ಜಿರ್ಕೋನಿಯಂನ ಹಳೆಯ ಮಿಶ್ರಲೋಹವಾದ ಜಿರ್ಕಲಾಯ್-2ರ ಕೊಳವೆಗಳಿಗೆ ಅಲ್ಲಿಂದ ದಿನ ಎಣಿಕೆ ಶುರುವಾಯಿತು. ನಮ್ಮಲ್ಲಿ ಮೊದಲು ರಾಜಸ್ಥಾನದ ಎರಡನೆಯ ಘಟಕದಲ್ಲಿ, ಆಮೇಲೆ ಕಲ್ಪಾಕ್ಕಂ, ನರೋರಾ, ಕಾಕ್ರಾಪಾರ್‌ಗಳಲ್ಲಿ ಎಲ್ಲ ಕೊಳವೆಗಳನ್ನೂ ಒಟ್ಟಿಗೆ ಕಿತ್ತು, ಜಿರ್ಕೋನಿಯಂ ಮತ್ತು ಶೇಕಡಾ 2.5 ನಿಯೋಬಿಯಂ ಇರುವ ಹೊಸ ಕೊಳವೆಗಳನ್ನು ಹಾಕಿದರು. ಕೈಗಾದ ಘಟಕಗಳು ಈ ಹೊಸ ಲೋಹದಲ್ಲೇ ಹುಟ್ಟಿದವು.

ಇಂಥ ಕೆಲಸಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಕಡತ ಮೂರು ಮೆಟ್ಟಿಲು ಹತ್ತುತ್ತದೆ: ಮೊದಲು ಆ ಘಟಕವನ್ನೇ ನೋಡಿಕೊಳ್ಳುವ ಸಮಿತಿ, ಅದರ ಮೇಲೆ ಓಡುತ್ತಿರುವ ಸ್ಥಾವರಗಳ ಸುರಕ್ಷತಾ ಪರಿಶೀಲನಾ ಸಮಿತಿ ಅಂದರೆ ಸಾರ್ಕೋಪ್, ಕೊನೆಗೆ ಮಂಡಳಿ. ಹತ್ತಿದ ಪ್ರತಿ ಮೆಟ್ಟಿಲಿನಿಂದಲೂ ಪ್ರಶ್ನೆಗಳ ಕಂತೆಯೊಂದು ಇಳಿದುಬರುತ್ತದೆ. ಲೋಹ, ಬೆಸುಗೆ, ಒತ್ತಡದ ಲೆಕ್ಕಗಳು ಬೇರೆಯವರ ಪಾಲು. ನನ್ನ ಪಾಲಿಗೆ ಬಂದದ್ದು ಎರಡು ಅಧ್ಯಾಯ. ಕೆಲಸಗಾರರ ಮೈಮೇಲೆ ಬೀಳುವ ಒಟ್ಟು ಡೋಸಿನ, ಅಂದರೆ ವಿಕಿರಣದ ಪ್ರಮಾಣದ, ಮುಂಗಡ ಲೆಕ್ಕ ಒಂದು, ಹೊರಗೆ ಹೋಗುವ ಗಾಳಿ, ನೀರು, ಕಸದ ಲೆಕ್ಕ ಇನ್ನೊಂದು. ಮೊದಲನೆಯದನ್ನು ಹಳಬರು ಇಂದಿಗೂ ‘ಮ್ಯಾನ್-ರೆಮ್ ಬಜೆಟ್’ ಎಂದೇ ಕರೆಯುತ್ತಾರೆ; ರೆಮ್ ಎಂಬುದು ಡೋಸಿನ ಹಳೆಯ ಮಾನ.

ಬಜೆಟ್ ಮಾಡುವ ವಿಧಾನ ಸರಳ. ಪ್ರತಿ ಕೆಲಸವನ್ನು ಚಿಕ್ಕ ಚಿಕ್ಕ ತುಂಡು ಮಾಡಬೇಕು. ಆ ಜಾಗದಲ್ಲಿ ಗಂಟೆಗೆ ಎಷ್ಟು ವಿಕಿರಣ, ಎಷ್ಟು ಜನ, ಎಷ್ಟು ನಿಮಿಷ ಎಂದು ಬರೆದು ಗುಣಿಸಬೇಕು. ಇಂಧನದ ಕೊಳವೆಗೆ ಭಾರಜಲ ತರುವ, ಒಯ್ಯುವ ಫೀಡರ್ ಕೊಳವೆಯ ಒಂದು ಜೋಡಣೆ ಬಿಚ್ಚಲು ಇಬ್ಬರು, ನಾಲ್ಕು ನಿಮಿಷ ಎಂದು ಬರೆದಿದ್ದೆ. ಇಂಧನದ ಕೊಳವೆಯೊಂದಕ್ಕೆ ಎರಡರಂತೆ ಜೋಡಣೆಗಳು ಒಟ್ಟು 612. ಗುಣಿಸಿದರೆ ಸುಮಾರು 82 ಆಳು-ಗಂಟೆ. ಹಳೆಯ ದುರಸ್ತಿಗಳ ವರದಿ, ಫಿಟ್ಟರುಗಳ ಮಾತು, ಸ್ವಲ್ಪ ನನ್ನ ಅಂದಾಜು ಸೇರಿ ಹುಟ್ಟಿದ ಸಂಖ್ಯೆ ಆ ನಾಲ್ಕು. ಕಾಗದದ ಮೇಲೆ ಬಹಳ ಚೆನ್ನಾಗಿ ಕಾಣುತ್ತಿತ್ತು.

ಸಮಿತಿಯ ಸಭೆಯಲ್ಲಿ ಮೇಜಿನ ತುದಿಯಲ್ಲಿ ಕುಳಿತಿದ್ದ ಹಿರಿಯರೊಬ್ಬರು ನನ್ನ ಮೂವತ್ತು ಪುಟಗಳನ್ನು ಮಗುಚಿ, ಆ ಸಾಲಿನ ಮೇಲೆ ಪೆನ್ಸಿಲ್ ಇಟ್ಟರು. “ಈ ನಾಲ್ಕು ನಿಮಿಷವನ್ನು ಅಳೆದವರು ಯಾರು?” ಎಂದು ಕೇಳಿದರು. ಅನುಭವದ ಮೇಲೆ ಹಾಕಿದ್ದು ಎಂದೆ. “ಅನುಭವಕ್ಕೆ ಕೈಗವಸು ಇತ್ತೇ?” ಎಂದರು. ಸಭೆ ನಕ್ಕಿತು. ನನಗೆ ಮೈಯೆಲ್ಲ ಉರಿದುಹೋಯಿತು. ವರ್ಷಗಟ್ಟಲೆ ಸ್ಥಾವರದಲ್ಲಿ ಬೆವರು ಸುರಿಸಿದವನಿಗೆ ಮುಂಬೈಯ ಕಚೇರಿಯಲ್ಲಿ ಕುಳಿತವರು ಪಾಠ ಹೇಳಬೇಕೇ ಎಂದು ರೈಲಿನಲ್ಲಿ ಊರು ತಲುಪುವವರೆಗೂ ಸಹೋದ್ಯೋಗಿಯ ತಲೆ ತಿಂದೆ.

ಆದರೂ ಅಳೆಯಲೇಬೇಕಾಯಿತು. ರಿಯಾಕ್ಟರಿನ ಮುಖದ ಪೂರ್ಣಗಾತ್ರದ ಮಾದರಿಯೊಂದನ್ನು ತರಬೇತಿಗಾಗಿ ಕಟ್ಟಿದ್ದೆವು. ವಿಕಿರಣವಿಲ್ಲ, ಉಳಿದದ್ದೆಲ್ಲ ಹಾಗೆಯೇ. ನಮ್ಮ ಅತ್ಯಂತ ಚುರುಕಾದ ಫಿಟ್ಟರ್‌ಗೆ ಗಾಳಿ ಹಾಯಿಸುವ ಪ್ಲಾಸ್ಟಿಕ್ ಉಡುಪು, ಎರಡು ಪದರ ಕೈಗವಸು ತೊಡಿಸಿ, ನಾನು ಗಡಿಯಾರ ಹಿಡಿದು ನಿಂತೆ. ಮೊದಲ ಜೋಡಣೆಗೆ ಹನ್ನೊಂದು ನಿಮಿಷ ಬೇಕಾಯಿತು. ಹತ್ತಾರು ಸಲ ಮಾಡಿಸಿದ ಮೇಲೂ ಸರಾಸರಿ ಒಂಬತ್ತಕ್ಕೆ ನಿಂತಿತು. ಬಜೆಟ್ ಪುಸ್ತಕದಲ್ಲಿ ಆ ಒಂದೇ ಸಾಲು 82ರಿಂದ 184 ಆಳು-ಗಂಟೆಗೆ ಹಾರಿತು. ಅಂಥ ಸಾಲುಗಳು ನನ್ನ ಪುಸ್ತಕದಲ್ಲಿ ಇನ್ನೂ ನೂರಾರು ಇದ್ದವು.

ಸಮಯ ಎಲ್ಲಿ ಹೋಗುತ್ತಿದೆ ಎಂದು ನೋಡುತ್ತ ಕುಳಿತಾಗ ಗೊತ್ತಾದ ಸಂಗತಿ ತಮಾಷೆಯಾಗಿತ್ತು. ಬೋಲ್ಟ್ ಬಿಚ್ಚುವುದಕ್ಕೆ ಅಷ್ಟೇನೂ ಹೊತ್ತು ಹಿಡಿಯುತ್ತಿರಲಿಲ್ಲ. ಪ್ರತಿ ಚಾನೆಲ್‌ಗೂ, ಅಂದರೆ ಇಂಧನದ ಪ್ರತಿ ಕೊಳವೆಗೂ, ಸಾಲಿನ ಅಕ್ಷರ, ಸಾಲಿನೊಳಗಿನ ಸಂಖ್ಯೆ ಇರುವ ಪುಟ್ಟ ಫಲಕವಿರುತ್ತದೆ. ಉಡುಪಿನ ಮುಖಗಾಜು ಉಸಿರಿಗೆ ಮಬ್ಬಾಗಿ, ಅದನ್ನು ಓದುವುದಕ್ಕೇ ಒಂದು ನಿಮಿಷ ಹೋಗುತ್ತಿತ್ತು. ಸರಿಯಾದ ಚಾನೆಲ್ ಹೌದೇ ಎಂದು ಎರಡನೆಯ ಸಲ ಖಚಿತಪಡಿಸಿಕೊಳ್ಳಲು ಇನ್ನರ್ಧ ನಿಮಿಷ. ಆ ಫಿಟ್ಟರೇ ಉಡುಪು ಕಳಚಿ ಬೆವರು ಒರೆಸಿಕೊಳ್ಳುತ್ತ, “ಸಾಹೇಬರೇ, ಜಾತ್ರೆಯಲ್ಲಿ ಎತ್ತಿನ ಕೋಡಿಗೆ ಬಳಿಯುವ ಹಾಗೆ ಬಣ್ಣ ಬಳಿದುಬಿಡಿ” ಎಂದ. ಬಳಿಸಿದೆವು. ಒಂದೊಂದು ಪಾಳಿಯ ಕೆಲಸಕ್ಕೆ ಒಂದೊಂದು ಬಣ್ಣ. ಸ್ಪ್ಯಾನರಿನ ಹಿಡಿಕೆಯನ್ನು ಉದ್ದ ಮಾಡಿಸಿದೆವು, ನಿಲ್ಲುವ ವೇದಿಕೆಯನ್ನು ಒಂದು ಗೇಣು ಎತ್ತರಿಸಿದೆವು. ಒಂಬತ್ತು ಆರಕ್ಕೆ ಇಳಿಯಿತು. ಮತ್ತೆ ಬಂದ ಪ್ರಶ್ನಾವಳಿಗೆ ಉತ್ತರವಾಗಿ ನಾನು ಸಂಖ್ಯೆಯ ಜೊತೆ ಗಡಿಯಾರದ ದಾಖಲೆಯನ್ನೂ ಇಟ್ಟೆ. ಮೇಜಿನ ತುದಿಯ ಹಿರಿಯರು ಈ ಸಲ ಪೆನ್ಸಿಲ್ ಎತ್ತಲಿಲ್ಲ. ಆಮೇಲೆ ಊಟದ ಸಾಲಿನಲ್ಲಿ ಸಿಕ್ಕಿ, ಎತ್ತಿನ ಕೋಡಿನ ಕಥೆಯನ್ನು ಎರಡು ಸಲ ಹೇಳಿಸಿಕೊಂಡರು.

ಎರಡನೆಯ ಅಧ್ಯಾಯದಲ್ಲಿ ಸಿಕ್ಕಿಹಾಕಿಕೊಂಡದ್ದು ಒಂದು ರಾಸಾಯನಿಕದ ಹೆಸರಿನಲ್ಲಿ. ಕೊಳವೆ ಕೀಳುವ ಮೊದಲು ವ್ಯವಸ್ಥೆಯನ್ನು ಒಳಗಿನಿಂದ ತೊಳೆಯಬೇಕು. ಪೈಪುಗಳ ಒಳಮೈಯಲ್ಲಿ ಕಟ್ಟಿದ ಮ್ಯಾಗ್ನೆಟೈಟ್ (ಕಬ್ಬಿಣದ ಆಕ್ಸೈಡ್) ಪದರದಲ್ಲಿ ವಿಕಿರಣ ಸೂಸುವ ಕೋಬಾಲ್ಟ್-60 ಅಡಗಿರುತ್ತದೆ. ಅದರ ಅರ್ಧಾಯುಷ್ಯ ಐದು ವರ್ಷಕ್ಕೂ ಹೆಚ್ಚು, ತಾನಾಗಿ ಕರಗಲಿ ಎಂದು ಕಾಯುವಂತಿಲ್ಲ. ತೊಳೆಯಲು ಬಳಸುವುದು ಲೋಹವನ್ನು ಹಿಡಿದು ಕರಗಿಸುವ ಇಡಿಟಿಎ ಎಂಬ ರಾಸಾಯನಿಕ, ಆಸ್ಕಾರ್ಬಿಕ್ ಆಮ್ಲ, ಸಿಟ್ರಿಕ್ ಆಮ್ಲಗಳ ತೆಳು ದ್ರಾವಣ. ವಿಟಮಿನ್ ಸಿ ಮತ್ತು ನಿಂಬೆಹುಳಿ ಎಂದರೆ ಅರ್ಧ ಅಡುಗೆಮನೆಯೇ ಆಯಿತು. ಕರಗಿದ ಕೋಬಾಲ್ಟ್ ಕೊನೆಗೆ ರಾಳದ ಮಣಿಗಳಲ್ಲಿ ಸಿಕ್ಕಿಬೀಳುತ್ತದೆ, ರಾಳ ಘನತ್ಯಾಜ್ಯವಾಗುತ್ತದೆ. ನಾನು ಅದರ ಪರಿಮಾಣ, ವಿಕಿರಣದ ಮಟ್ಟ, ಇಡುವ ಜಾಗ ಎಲ್ಲ ಬರೆದಿದ್ದೆ.

ಪ್ರಶ್ನೆ ಒಂದೇ ಸಾಲಿನದು: ರಾಳದ ಜೊತೆ ಇಡಿಟಿಎ ಎಷ್ಟು ಹೋಗುತ್ತದೆ?

ಮೊದಲು ಇದು ಕೊಂಕು ಎನ್ನಿಸಿತು. ಕುಳಿತು ಯೋಚಿಸಿದಾಗ ಬೆವರು ಬಂತು. ಕೋಬಾಲ್ಟ್ ಮಣ್ಣಿಗೆ ಸೇರಿದರೆ ಸಾಮಾನ್ಯವಾಗಿ ಜೇಡಿಗೆ ಅಂಟಿ ಅಲ್ಲೇ ಉಳಿಯುತ್ತದೆ. ಇಡಿಟಿಎ ಅದರ ಕೈ ಹಿಡಿದುಕೊಂಡಿದ್ದರೆ ಅಂಟುವುದಿಲ್ಲ, ನೀರಿನ ಜೊತೆ ನಡೆಯುತ್ತದೆ. ಪೈಪಿನಿಂದ ಅದನ್ನು ಬಿಡಿಸಲು ಯಾವ ಗುಣ ನಮಗೆ ಬೇಕಾಗಿತ್ತೋ, ತ್ಯಾಜ್ಯ ಹೂಳುವ ಹೊಂಡದಲ್ಲಿ ಅದೇ ಗುಣ ನಮ್ಮ ವೈರಿ. ಈ ತೊಳೆತದಿಂದ ಬಂದ ರಾಳವನ್ನು ಉಳಿದದ್ದರಿಂದ ಬೇರೆ ಇಡುವುದು, ಗಟ್ಟಿಗೊಳಿಸಿದ ಮಾದರಿ ತುಂಡುಗಳನ್ನು ನೀರಿನಲ್ಲಿ ಮುಳುಗಿಸಿಟ್ಟು ಕೋಬಾಲ್ಟ್ ಎಷ್ಟು ಹೊರಬರುತ್ತದೆಂದು ಅಳೆಯುವುದು, ಹೂಳುವ ಜಾಗದ ಸುತ್ತಲಿನ ವೀಕ್ಷಣಾ ಬಾವಿಗಳ ನೀರನ್ನು ಇನ್ನಷ್ಟು ಸಲ ನೋಡುವುದು, ಇವೆಲ್ಲ ಆ ಒಂದು ಸಾಲಿನಿಂದ ಹುಟ್ಟಿದ ಕೆಲಸಗಳು. ವೇಳಾಪಟ್ಟಿ ಕೆಲವು ವಾರ ಹಿಂದೆ ಬಿತ್ತು. ದಿನಕ್ಕೆ ಎಷ್ಟು ಯೂನಿಟ್ ವಿದ್ಯುತ್ ನಷ್ಟ ಎಂದು ಲೆಕ್ಕ ಹಾಕುವವರ ಮುಖ ನೋಡುವಂತಿರಲಿಲ್ಲ.

ಇಷ್ಟೆಲ್ಲ ಆದಮೇಲೂ ಎಡವಿದ್ದು ನಾನೇ. ಭಾರಜಲವನ್ನು ಬಸಿದು, ಪೈಪುಗಳನ್ನು ಒಣಗಿಸಿದ ಮೇಲೆ ಅನುಮತಿ ಚೀಟಿಗೆ ನನ್ನ ಸಹಿ ಬೀಳಬೇಕು. ಪೈಪಿನ ಒಂದು ಸಾಲಿನಲ್ಲಿ ಕೊನೆ ಮುಚ್ಚಿದ ಒಂದು ಮೂಲೆ ಇತ್ತು. ಒಣಗಾಳಿ ಅಲ್ಲಿಗೆ ಹಾಯುವುದಿಲ್ಲ. ನಕ್ಷೆಯಲ್ಲಿ ಅದು ಇತ್ತು, ನನ್ನ ಕಣ್ಣಿಗೆ ಬೀಳಲಿಲ್ಲ. ಅಲ್ಲಿ ಉಳಿದ ಒಂದಿಷ್ಟು ನೀರು ಕತ್ತರಿಸುವಾಗ ಆವಿಯಾಯಿತು. ಬಳಸಿದ ಭಾರಜಲದಲ್ಲಿ ಟ್ರಿಷಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ ಇರುತ್ತದೆ. ಅದರ ಬೀಟಾ ಕಿರಣ ಚರ್ಮವನ್ನೂ ದಾಟಲಾರದಷ್ಟು ದುರ್ಬಲ, ಎದೆಯ ಮೇಲೆ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜಿಗೆ ಅದು ಕಾಣುವುದೇ ಇಲ್ಲ. ಆವಿಯಾಗಿ ಉಸಿರಿನಲ್ಲಿ, ಚರ್ಮದ ಮೂಲಕ ಒಳಸೇರಿದರೆ ಮೈಯ ನೀರಿನಲ್ಲೆಲ್ಲ ಬೆರೆಯುತ್ತದೆ. ಇಬ್ಬರ ಮೂತ್ರದ ಮಾದರಿಯಲ್ಲಿ ಮರುದಿನ ಸಂಖ್ಯೆ ಏರಿತ್ತು. ಮಿತಿಗಿಂತ ಬಹಳ ಕೆಳಗೇ ಇತ್ತು, ಆದರೂ ಏರಿದ್ದು ಏರಿದ್ದೇ. ಹೆಚ್ಚು ನೀರು ಕುಡಿದಷ್ಟೂ ಅದು ಬೇಗ ಹೊರಹೋಗುತ್ತದೆ. ಹತ್ತು ದಿನಕ್ಕೆ ಸುಮಾರು ಅರ್ಧ ಎಂಬುದು ಸಾಮಾನ್ಯ ಲೆಕ್ಕ. ಅವರಿಬ್ಬರಿಗೆ ಮಜ್ಜಿಗೆ, ಎಳನೀರು ತರಿಸಿಕೊಟ್ಟು, ಘಟನೆಯ ವರದಿಯನ್ನು ನಾನೇ ಬರೆದೆ. ‘ಕಾರಣ’ ಎಂಬ ಕಾಲಮಿನಲ್ಲಿ ನನ್ನ ಹುದ್ದೆಯನ್ನು ಬರೆಯುವಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತು.

ಪರಿಸರದ ಕಡೆಯ ಅಳತೆ ಸ್ಥಾವರದವರ ಕೈಯಲ್ಲಿ ಇರುವುದಿಲ್ಲ. ಪ್ರತಿ ಸ್ಥಾವರದ ಬಳಿಯೂ ಭಾಭಾ ಅಣು ಸಂಶೋಧನಾ ಕೇಂದ್ರದ ಪರಿಸರ ಸಮೀಕ್ಷಾ ಪ್ರಯೋಗಾಲಯವೊಂದು ಬೇರೆಯೇ ಇರುತ್ತದೆ. ಅವರು ಸುತ್ತಲ ಊರುಗಳಿಂದ ನೀರು, ಮೀನು, ಹಾಲು, ಅಕ್ಕಿ, ಹುಲ್ಲು ತಂದು ಅದರಲ್ಲಿನ ವಿಕಿರಣವನ್ನು ಎಣಿಸುತ್ತಾರೆ. ಮೇಕೆಯ ಥೈರಾಯ್ಡ್ ಗ್ರಂಥಿಯನ್ನೂ ತರುತ್ತಾರೆ, ವಿಕಿರಣಶೀಲ ಅಯೋಡಿನ್-131 ಹುಲ್ಲಿನ ಮೂಲಕ ಅಲ್ಲಿ ಸೇರಿಕೊಳ್ಳುತ್ತದೆ ಎಂಬ ಕಾರಣಕ್ಕೆ. ನಮ್ಮ ಪ್ರಯೋಗಾಲಯದ ಗೆಳೆಯ ಸಸ್ಯಾಹಾರಿ. ತಿಂಗಳಿಗೊಮ್ಮೆ ಮಾಂಸದಂಗಡಿಯ ಮುಂದೆ ಮುಖ ತಿರುಗಿಸಿ ನಿಂತು, “ಕುತ್ತಿಗೆಯದು ಮಾತ್ರ ಕೊಡಪ್ಪ” ಎನ್ನುತ್ತಿದ್ದ. ದುರಸ್ತಿಯ ತಿಂಗಳುಗಳಲ್ಲಿ ಚಿಮಣಿಯಿಂದ ಹೋಗುವ ಟ್ರಿಷಿಯಂ ಓಡುವ ದಿನಗಳ ಹಾಗೆ ಸಮನಾಗಿರುವುದಿಲ್ಲ, ಬಸಿಯುವ ವಾರದಲ್ಲಿ ಏರುತ್ತದೆ, ಆಮೇಲೆ ಇಳಿಯುತ್ತದೆ. ಅದಕ್ಕೆ ಸರಿಯಾಗಿ ಅವನ ಮಾದರಿಗಳ ದಿನಾಂಕವನ್ನೂ ಹೊಂದಿಸಿಕೊಳ್ಳಿ ಎಂದು ಸಮಿತಿ ಹೇಳಿತ್ತು. ತಿಂಗಳ ಸರಾಸರಿಯಲ್ಲಿ ಆ ಒಂದು ವಾರ ಮರೆಯಾಗಬಾರದು ಎಂಬುದು ಅವರ ಉದ್ದೇಶ.

ಇಷ್ಟೆಲ್ಲ ಪ್ರಶ್ನೋತ್ತರವನ್ನು ಹೊರಗಿನವರು ಒಬ್ಬರೂ ಓದಲಿಲ್ಲ ಎಂಬುದು ನನಗೆ ಈಗ ವಿಚಿತ್ರವಾಗಿ ಕಾಣುತ್ತದೆ. ಹೊಸ ಸ್ಥಾವರಕ್ಕಾದರೆ ಸಾರ್ವಜನಿಕ ಅಹವಾಲು ನಡೆಯುತ್ತದೆ. ಕೈಗಾದ 5 ಮತ್ತು 6ನೆಯ ಘಟಕಗಳಿಗಾಗಿ 2018ರ ಡಿಸೆಂಬರ್‌ನಲ್ಲಿ ಮಲ್ಲಾಪುರದಲ್ಲಿ ನಡೆಯಿತು. ಸಾಮರ್ಥ್ಯ ಹೆಚ್ಚಿಸದ ದುರಸ್ತಿಗೆ ಅಂಥದ್ದಿಲ್ಲ. ಕೆನಡಾದ ಡಾರ್ಲಿಂಗ್ಟನ್‌ನಲ್ಲಿ ಇದೇ ಕುಲದ ನಾಲ್ಕು ರಿಯಾಕ್ಟರುಗಳ ಕೊಳವೆ ಬದಲಿಸುವ ಮೊದಲು ಪರಿಸರ ಮೌಲ್ಯಮಾಪನ ಮಾಡಿ, 2012ರ ಡಿಸೆಂಬರ್‌ನಲ್ಲಿ ಬಹಿರಂಗ ವಿಚಾರಣೆ ನಡೆಸಿದರು. ಒಂಟಾರಿಯೊ ಸರೋವರದ ನೀರು ಒಳಗೆಳೆಯುವಾಗ ಸಾಯುವ ಮೀನುಗಳ ಬಗ್ಗೆಯೂ ಅಲ್ಲಿ ವಾದ ನಡೆಯಿತು. ನಮ್ಮ ನಿಯಂತ್ರಣ ಮಂಡಳಿಗೆ ಕಾನೂನಿನ ಬಲ ಸಾಲದು ಎಂದು ಮಹಾಲೇಖಪಾಲರ 2012ರ ವರದಿ ಟೀಕಿಸಿದಾಗ ನಮ್ಮ ಕ್ಯಾಂಟೀನಿನಲ್ಲಿ ಅನೇಕರು ಸಿಟ್ಟಾದರು. ನಾನು ಆಗಲಿಲ್ಲ. ಪೆನ್ಸಿಲ್ ಇಟ್ಟ ಆ ಹಿರಿಯರು ಒಳ್ಳೆಯವರಾಗಿದ್ದರು, ಸರಿ. ನಾಳೆ ಆ ಕುರ್ಚಿಗೆ ಬರುವವರು ಹಾಗೆಯೇ ಇರುತ್ತಾರೆಂದು ಯಾವ ಭರವಸೆ?

ಮರುಚಾಲನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಹಂತ ಹಂತದ ಕಾಯುವಿಕೆ. ಬಿಸಿನೀರು ಸುತ್ತಿಸಿ ಉಕ್ಕಿನ ಒಳಮೈಗೆ ಹೊಸ ಮ್ಯಾಗ್ನೆಟೈಟ್ ಪದರ ಕಟ್ಟಿಸಲು ಒಂದು ಅನುಮತಿ, ಇಂಧನ ತುಂಬಲು ಒಂದು, ಭಾರಜಲ ತುಂಬಲು ಒಂದು, ಸರಪಳಿ ಕ್ರಿಯೆ ಆರಂಭಿಸಲು ಒಂದು, ವಿದ್ಯುತ್ತನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಲು ಮತ್ತೆ ಬೇರೆ ಬೇರೆ. ಅಂತಿಮ ಡೋಸು ಬಜೆಟ್ಟಿಗಿಂತ ಕೆಳಗೇ ನಿಂತಿತು. ವರದಿಯನ್ನು ಬೈಂಡ್ ಮಾಡಿಸಿ, ಮುಖಪುಟಕ್ಕೆ ರಿಯಾಕ್ಟರಿನ ಬಣ್ಣ ಬಳಿದ ಮುಖದ ಚಿತ್ರ ಹಾಕಿಸಿ ಕಳುಹಿಸಿದೆ. ಸ್ವೀಕರಿಸಿದ್ದಾಗಿ ಉತ್ತರ ಬಂತು. ಅದರ ಕೊನೆಯ ಸಾಲಿನಲ್ಲಿ ಪಕ್ಕದ ಘಟಕದ ದುರಸ್ತಿಗೆ ಬಜೆಟ್ ಸಲ್ಲಿಸುವಾಗ ಈ ಸಲದ ನಿಜವಾದ ಸಂಖ್ಯೆಯನ್ನೇ ಗರಿಷ್ಠ ಮಿತಿ ಎಂದು ಹಿಡಿಯಬೇಕೆಂದು, ಅದಕ್ಕಿಂತ ಎಷ್ಟು ಇಳಿಸುತ್ತೀರಿ, ಹೇಗೆ ಎಂದು ತಿಳಿಸಬೇಕೆಂದು ಬರೆದಿತ್ತು. ನಾನು ಕೆಳಗಿಳಿದು ಮಾದರಿ ಶೆಡ್ಡಿಗೆ ಹೋದೆ. ಫಿಟ್ಟರ್ ಅಲ್ಲೇ ಚಹಾ ಕುಡಿಯುತ್ತಿದ್ದ. ಆರು ನಿಮಿಷವನ್ನು ಐದು ಮಾಡಲು ಆಗುತ್ತದೆಯೇ ಎಂದು ಕೇಳಿದೆ. ಅವನು ಲೋಟ ಕೆಳಗಿಟ್ಟು, “ಮುಖಗಾಜಿನ ಮಂಜು ಹೋಗುವ ಹಾಗೆ ಏನಾದರೂ ಮಾಡಿ, ಆಮೇಲೆ ಮಾತಾಡೋಣ” ಎಂದ.